ರೈಟ್ರು ಮಾವನ ಮಳೆ ಡೈರಿ

ಮಾವ ದಿನಾ ಮಳೆ ಬರೆದಿಡುತ್ತಿದ್ದರು. ಬೆಳಿಗ್ಗೆ ರೈನ್ ಗೇಜ್ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಅಂತ ಧಣಿಗಳ ಪುಸ್ತಕದಲ್ಲಿ ಒಂದು ಸಲ, ತಮ್ಮ ಜೇಬಿನ ಡೈರಿಯಲ್ಲಿ ಇನ್ನೊಂದು ಸಲ. ಅವರು ತೀರಿಕೊಂಡದ್ದು 2009ರಲ್ಲಿ. ಡೈರಿಗಳು ಕಾಫಿ ಗೋಣಿಚೀಲ ಸೇರಿ ಚಿಕ್ಕಮಗಳೂರಿನ ಅತ್ತೆ ಮನೆಯ ಅಟ್ಟದಲ್ಲಿ ಹದಿನಾರು ವರ್ಷ ಇದ್ದವು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಇಳಿಸಿ ಶೀಟ್ ಹಾಕಿಸುವಾಗ ಚೀಲ ಕೆಳಗೆ ಬಂತು, ಅತ್ತೆ ಅದನ್ನು ಗುಜರಿಯವನಿಗೆ ಹಾಕೋಣ ಅಂತ ಬಾಗಿಲ ಹತ್ತಿರ ಇಟ್ಟಿದ್ದರು, ನಾನು ಸುಮ್ನೆ ಹಾಸನಕ್ಕೆ ಹೊತ್ತುಕೊಂಡು ಬಂದೆ. ದುಡ್ಡಿನ ಆಸೆಗಲ್ಲ. ಮಳೆ ಲೆಕ್ಕಕ್ಕೆ. "ನಮ್ ಕಾಲದಲ್ಲಿ ಮಳೆ ಅಂದ್ರೆ ಮಳೆ" ಅಂತ ಎಲ್ಲರೂ ಹೇಳುತ್ತಾರಲ್ಲ, ನಿಜವಾಗಿ ಎಷ್ಟಿತ್ತು ನೋಡೋಣ ಅಂತ.

ಮಾವ ಅಂದ್ರೆ ನನ್ನಪ್ಪನ ಅಕ್ಕನ ಗಂಡ. ಆಲ್ದೂರು ಕಡೆ ಎರಡು, ಮೂಡಿಗೆರೆ ಕಡೆ ಎರಡು, ಒಟ್ಟು ನಾಲ್ಕು ಎಸ್ಟೇಟಿನಲ್ಲಿ ರೈಟ್ರಾಗಿದ್ದವರು. ಬಯಲುಸೀಮೆಯವರಿಗೆ ಹೇಳಿಬಿಡುತ್ತೇನೆ, ರೈಟ್ರು ಅಂದ್ರೆ ಕಥೆ ಬರೆಯುವವರಲ್ಲ. ಚೆಕ್ ರೋಲ್ ಬರೆಯುವವರು. ಆಳು ಎಷ್ಟು ಬಂದರು, ಎಷ್ಟು ಹಣ್ಣು ಕುಯ್ದರು, ಗೊಬ್ಬರ ಎಷ್ಟು ಚೀಲ ಹೋಯಿತು, ಎಲ್ಲ ಅವರ ಕೈಯಲ್ಲೇ. ಊರವರ ಲೆಕ್ಕವನ್ನೆಲ್ಲ ಪೈಸೆ ಬಿಡದೆ ಇಡುತ್ತಿದ್ದ ಈ ಮನುಷ್ಯ ತಮ್ಮ ಮನೆಯ ಲೆಕ್ಕ ಮಾತ್ರ ಹೆಂಡತಿಗೂ ಹೇಳಲಿಲ್ಲ. ಬಚ್ಚಿಡುವ ಬುದ್ಧಿ ಅಂತಲ್ಲ. ಹೇಳಬೇಕು ಅಂತ ಅವರಿಗೆ ತೋಚಿರಲಿಕ್ಕಿಲ್ಲ, ಕೇಳಬೇಕು ಅಂತ ಅತ್ತೆಗೂ ತೋಚಲಿಲ್ಲ.

ನನ್ನದು ಹಾಸನದಲ್ಲಿ ಸಣ್ಣ ಸ್ಟೇಷನರಿ ಅಂಗಡಿ. ಜೂನ್ ತಿಂಗಳ ನೋಟ್‌ಬುಕ್ಕಿನ ಗಲಾಟೆ ಮುಗಿದ ಮೇಲೆ ಮಧ್ಯಾಹ್ನ ಹೊತ್ತು ಗಿರಾಕಿ ಕಮ್ಮಿ. ಆಗ ಕೂತು ಓದುತ್ತಿದ್ದೆ. ಒಂದು ಸಾಲು ಹೀಗಿತ್ತು: "4-15. ಆಳು 38. ಎಸ್.ಬಿ. 200." ನಾಲ್ಕು ಇಂಚು ಹದಿನೈದು ಸೆಂಟ್ಸ್ ಮಳೆ, ಮೂವತ್ತೆಂಟು ಆಳು, ಅಷ್ಟು ಗೊತ್ತಾಯಿತು. ಎಸ್.ಬಿ. ಏನು? ಮೊದಲು ಯಾವುದೋ ಔಷಧಿ ಹೊಡೆದದ್ದು ಅಂದುಕೊಂಡೆ. ನಾಲ್ಕು ತಿಂಗಳು ಮುಂದೆ ಹೋದರೆ "ಎಸ್.ಬಿ. 150", ಬೋನಸ್ ಕೊಟ್ಟ ವಾರ "ಎಸ್.ಬಿ. 1000". ಆಮೇಲೆ ತಲೆಗೆ ಹೊಳೆಯಿತು, ಇದು ಸೇವಿಂಗ್ಸ್ ಬ್ಯಾಂಕ್.

ಅಲ್ಲಿಂದ ಮಳೆ ಬಿಟ್ಟೆ, ದುಡ್ಡು ಹಿಡಿದೆ. 1984ರಿಂದ 2007ರವರೆಗೆ ಇಪ್ಪತ್ತಮೂರು ಡೈರಿ, ಮಧ್ಯೆ ಒಂದು ವರ್ಷದ್ದು ಇಲ್ಲ. ಹಣ ಹಾಕಿದ ಕಡೆ ನೀಲಿ ಇಂಕು. ವಾಪಸ್ ಬಂದಾಗ ಹಳೇ ಪುಟಕ್ಕೆ ಹೋಗಿ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಬಂತು" ಅಂತ ಬರೆಯುತ್ತಿದ್ದರು. ಇದು ದೊಡ್ಡ ಉಪಕಾರ ಆಯಿತು. ಯಾವುದಕ್ಕೆ "ಬಂತು" ಇಲ್ಲವೋ ಅದನ್ನು ಮಾತ್ರ ಹುಡುಕಿದರೆ ಸಾಕಲ್ವಾ. ಅಂಗಡಿಯ ಒಂದು ಲಾಂಗ್ ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಕಿಸಾನ್ ವಿಕಾಸ್ ಪತ್ರಗಳಿಗೆಲ್ಲ "ಬಂತು" ಇತ್ತು. ಪಿಎಫ್ ಬಂದಿತ್ತು. ಉಳಿದದ್ದು: ಎರಡು ಬ್ಯಾಂಕ್ ಖಾತೆ, ಒಂದು ಎಫ್‌ಡಿ, ಒಂದು ಎಲ್‌ಐಸಿ, "ಇಂ.ವಿ.ಪ. 5", ಎರಡು ಕಂಪನಿಯ ಷೇರು, ಮತ್ತೆ "ತೇಗ 6000".

ಅತ್ತೆಗೆ ಫೋನ್ ಮಾಡಿ ಹೇಳಿದರೆ, "ಹೋದ ದುಡ್ಡು ಹೋಯ್ತು ಬಿಡಪ್ಪ, ಅವ್ರೇ ಹೋದ್ರು" ಅಂದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ ಮೆಲ್ಲಗೆ ಕೇಳಿದರು, "ಎಷ್ಟಿರಬಹುದು?"

ಮೊದಲು ಹಿಡಿದದ್ದು ಬ್ಯಾಂಕ್. ತೊಂದರೆ ಏನೆಂದರೆ ಡೈರಿಯಲ್ಲಿ ಇದ್ದ ಬ್ಯಾಂಕುಗಳ ಬೋರ್ಡೇ ಈಗ ಊರಲ್ಲಿಲ್ಲ. ನಮ್ಮ ಕಡೆ ಹಳಬರು ಹಣ ಇಟ್ಟ ಬ್ಯಾಂಕುಗಳನ್ನು ಲೆಕ್ಕ ಹಾಕಿ ನೋಡಿ: ಮೈಸೂರು ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ವೈಶ್ಯ ಬ್ಯಾಂಕ್ ಹೆಸರು ಬದಲಾಯಿಸಿಕೊಂಡು 2015ರಲ್ಲಿ ಕೋಟಕ್ ಒಳಗೆ ಹೋಯಿತು. ಮಾವನ ಎಸ್.ಬಿ. ಇದ್ದದ್ದು ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕಿನಲ್ಲಿ. ಅದು 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ ತಿಂಗಳಲ್ಲಿ ರಾಜ್ಯದ ಇನ್ನೊಂದು ಗ್ರಾಮೀಣ ಬ್ಯಾಂಕೂ ಅದರ ಜೊತೆ ಸೇರಿ ಒಂದೇ ಆಯಿತು. ಮೂರು ಸಲ ಮದುವೆಯಾಗಿ ಮೂರು ಮನೆತನದ ಹೆಸರು ಇಟ್ಟುಕೊಂಡ ಹಾಗೆ. ಆದರೆ ಬ್ಯಾಂಕ್ ಮುಳುಗಿಲ್ಲ, ಹೆಸರಷ್ಟೇ ಹೋಗಿದೆ. ಹಳೇ ಖಾತೆಯೆಲ್ಲ ಹೊಸ ಬ್ಯಾಂಕಿನ ತಲೆಮೇಲೆ ಇರುತ್ತದೆ.

ಆಲ್ದೂರು ಕಡೆಯ ಆ ಶಾಖೆಯಲ್ಲಿ ಮ್ಯಾನೇಜರ್ ಒಬ್ಬ ಚಿಕ್ಕ ಹುಡುಗಿ. ಹಾವೇರಿ ಕಡೆಯವರಿರಬೇಕು, ಮಾತು ಹಾಗಿತ್ತು. ನಾನು ಡೈರಿ ತೋರಿಸಿದೆ. ಅವರಿಗೆ ಖಾತೆ ನಂಬರಿಗಿಂತ ಮಳೆ ಮೇಲೆ ಕುತೂಹಲ, "ಒಂದಿನಕ್ಕ ನಾಲ್ಕ್ ಇಂಚೇನ್ರೀ?" ಅಂದರು. ಅರ್ಧ ಗಂಟೆಯಲ್ಲಿ ಹುಡುಕಿಕೊಟ್ಟರು. ಬಡ್ಡಿ ಎಲ್ಲ ಸೇರಿ 6,000 ಚಿಲ್ಲರೆ. ದೊಡ್ಡ ಮೊತ್ತ ಅಲ್ಲ, ಆದರೆ ಮೊದಲ ಸಲ "ಇದೆ" ಅಂತ ಒಬ್ಬರು ಹೇಳಿದ್ದು. ಬರುವಾಗ ಆಲ್ದೂರಿನಲ್ಲಿ ನಿಂತು ಒಂದು ಕಾಫಿ ಜಾಸ್ತಿ ಕುಡಿದೆ.

ಇನ್ನೊಂದು ಬ್ಯಾಂಕಿನದ್ದು ಹೀಗೆ ಸಲೀಸಾಗಲಿಲ್ಲ. ಯಾವ ಬ್ಯಾಂಕ್ ಅಂತ ಹೇಳಲ್ಲ, ಈಗ ಅದೂ ಬೇರೆ ಹೆಸರಿನಲ್ಲಿದೆ. ಅಲ್ಲಿ ಒಂದು ಎಸ್.ಬಿ. ಮತ್ತೆ 1998ರಲ್ಲಿ ಐದು ವರ್ಷಕ್ಕೆ ಇಟ್ಟ 10,000ದ ಎಫ್‌ಡಿ. ಕೌಂಟರಿನವರು ಕಂಪ್ಯೂಟರಿನಲ್ಲಿ ಹೆಸರು ಹೊಡೆದು, ಇಲ್ಲ ಅಂದರು. ಇನ್ನೊಂದು ಸಲ ಹೋದಾಗ ಬೇರೆಯವರು, "ಹಳೇದೆಲ್ಲ ಆರ್‌ಬಿಐಗೆ ಹೋಗಿದೆ, ಬೆಂಗಳೂರಿಗೆ ಹೋಗಿ ಅಲ್ಲೇ ಕೇಳಿ" ಅಂದರು. ಅಲ್ಲಿಗೆ ಮುಗಿಯಿತು ಅಂತ ವಾಪಸ್ ಬರುವವರೇ ಜಾಸ್ತಿ, ನಾನೂ ಬಂದೆ.

ಆಮೇಲೆ ಓದಿಕೊಂಡೆ. ಆ ಮಾತು ಅರ್ಧ ನಿಜ. ಎರಡು ವರ್ಷ ಖಾತೆ ಮುಟ್ಟದಿದ್ದರೆ ಅದನ್ನು ನಿಷ್ಕ್ರಿಯ ಅಂತಾರೆ. ಹತ್ತು ವರ್ಷ ಮುಟ್ಟದಿದ್ದರೆ, ಎಫ್‌ಡಿ ಆದರೆ ಅವಧಿ ಮುಗಿದ ಮೇಲೆ ಹತ್ತು ವರ್ಷ ಯಾರೂ ಕೇಳದಿದ್ದರೆ, ಹಣ ಆರ್‌ಬಿಐನ ಡಿಇಎ ಅನ್ನುವ ನಿಧಿಗೆ ಹೋಗುತ್ತದೆ. 2014ರಲ್ಲಿ ಶುರುವಾದ ನಿಧಿ. ಹೀಗೆ ಬ್ಯಾಂಕುಗಳಿಂದ ಅಲ್ಲಿಗೆ ಹೋಗಿ ಕೂತ ಹಣ 2025ರ ಜೂನ್ ಕೊನೆಗೆ 67,000 ಕೋಟಿ ರೂಪಾಯಿಗೂ ಜಾಸ್ತಿ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಆದರೆ ಕೇಳಬೇಕಾದದ್ದು ಆರ್‌ಬಿಐಯನ್ನಲ್ಲ, ಬ್ಯಾಂಕನ್ನೇ. ಬ್ಯಾಂಕ್ ನಮಗೆ ಕೊಟ್ಟು, ಆಮೇಲೆ ಆರ್‌ಬಿಐ ಹತ್ತಿರ ತಾನು ವಾಪಸ್ ತೆಗೆದುಕೊಳ್ಳುತ್ತದೆ. ಇಷ್ಟು ದಿನದೊಳಗೆ ಕೇಳಬೇಕು ಅಂತಲೂ ಇಲ್ಲ, ಯಾವಾಗ ಬೇಕಾದರೂ ಕೇಳಬಹುದು. ಬಡ್ಡಿಯೂ ಇದೆ, ಕಮ್ಮಿ ಅಷ್ಟೇ. 2021ರ ಮೇ ತಿಂಗಳಿಂದ ವರ್ಷಕ್ಕೆ ನೂರಕ್ಕೆ ಮೂರು.

ಇದನ್ನು ಹುಡುಕೋಕೆ ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಉದ್ಗಮ್ ಅಂತ ಒಂದು ಪೋರ್ಟಲ್ ಮಾಡಿದೆ. ಮೊದಲು ಏಳು ಬ್ಯಾಂಕ್ ಇದ್ದವು, 2024ರ ಮಾರ್ಚ್ ಹೊತ್ತಿಗೆ ಮೂವತ್ತಾದವು. ಮೊಬೈಲ್ ನಂಬರ್ ಕೊಟ್ಟು ಒಳಗೆ ಹೋಗಿ, ಹೆಸರು ಹಾಕಿ, ಬ್ಯಾಂಕ್ ಆರಿಸಿ, ಜೊತೆಗೆ ಪ್ಯಾನ್ ಅಥವಾ ವೋಟರ್ ಐಡಿ ಅಥವಾ ಹುಟ್ಟಿದ ದಿನ ಅಥವಾ ವಿಳಾಸ, ಯಾವುದಾದರೂ ಒಂದು ಕೊಡಬೇಕು. ಕೇಳೋಕೆ ಸುಲಭ. ನನಗೆ ಎರಡು ವಾರ ಹಿಡಿಯಿತು, ಹೆಸರಿನಿಂದಾಗಿ.

ಮಾವನ ಹೆಸರು ಇಲ್ಲಿ ಹಾಕಲ್ಲ. ಆದರೆ ನಮ್ಮ ಕಡೆಯ ಯಾವುದೋ ಒಂದು ಹೆಸರು ತಗೊಳ್ಳಿ, ಕೃಷ್ಣೇಗೌಡ ಅಂತಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತ ಗೌಡಕ್ಕೆ ಡಬ್ಲ್ಯೂ ಹಾಕುತ್ತಾನೆ, ಇನ್ನೊಬ್ಬ ಯು ಹಾಕುತ್ತಾನೆ. ಒಬ್ಬ ಕೃಷ್ಣೇಗೌಡ ಅಂತ ಕೂಡಿಸುತ್ತಾನೆ, ಇನ್ನೊಬ್ಬ ಬಿಡಿಸಿ ಕೃಷ್ಣ ಗೌಡ ಮಾಡುತ್ತಾನೆ. ಇನಿಷಿಯಲ್ ಮುಂದೆ ಬರುತ್ತೋ ಹಿಂದೆ ಬರುತ್ತೋ ದೇವರಿಗೇ ಗೊತ್ತು. ಊರಿನ ಇನಿಷಿಯಲ್ ಒಂದು, ಅಪ್ಪನ ಇನಿಷಿಯಲ್ ಒಂದು, ಒಂದು ಕಡೆ ಎರಡೂ ಇದೆ, ಇನ್ನೊಂದು ಕಡೆ ಒಂದೇ. ನಾನು ಲಾಂಗ್ ಬುಕ್ಕಿನಲ್ಲಿ ಹನ್ನೊಂದು ತರಹ ಬರೆದುಕೊಂಡು ಒಂದೊಂದಾಗಿ ಹೊಡೆದೆ. ಮಾವನಿಗೆ ಪ್ಯಾನ್ ಇರಲಿಲ್ಲ, ಹುಟ್ಟಿದ ದಿನ ಅತ್ತೆಗೆ ಗೊತ್ತಿಲ್ಲ ("ಗೌರಿ ಹಬ್ಬದ ಹಿಂದೆಮುಂದೆ ಅಂತಿದ್ರು"). ಉಳಿದದ್ದು ವಿಳಾಸ. ಅದಕ್ಕೆ ಯಾವ ಎಸ್ಟೇಟಿನಲ್ಲಿ ಯಾವ ವರ್ಷ ಇದ್ದರು ಅಂತ ಬೇಕು. ಅದು ಡೈರಿಯಲ್ಲೇ ಇತ್ತು, ನೇರವಾಗಿ ಅಲ್ಲ. 1996ರ ಡೈರಿಯಲ್ಲಿ ಮಾರ್ಚ್ ಕೊನೆ ತನಕ ಒಂದು ತರಹ ಬರೆಯುತ್ತಾರೆ, ಏಪ್ರಿಲ್‌ನಿಂದ ಮಳೆ ದಪ್ಪವಾಗುತ್ತದೆ, ಆಳು ಹೆಚ್ಚುತ್ತದೆ. ಎಸ್ಟೇಟ್ ಬದಲಾಗಿದೆ ಅಂತ ಅರ್ಥ. ಆ ಎರಡನೇ ಎಸ್ಟೇಟಿನ ಹೆಸರು, ಅಂಚೆ ಊರು ಹಾಕಿದಾಗ ಸ್ಕ್ರೀನ್ ಮೇಲೆ ಒಂದು ಸಾಲು ಬಂತು. ಎಂಟನೇ ತರಹದ ಹೆಸರಿನಲ್ಲಿ.

ಎಷ್ಟು ಹಣ ಇದೆ ಅಂತ ಅಲ್ಲಿ ತೋರಿಸಲ್ಲ. ಯುಡಿಆರ್‌ಎನ್ ಅಂತ ಒಂದು ಉದ್ದದ ನಂಬರ್ ಕೊಡುತ್ತದೆ. ಅದನ್ನು ಬರೆದುಕೊಂಡು ಅದೇ ಶಾಖೆಗೆ ಹೋದೆ. ನಂಬರ್ ನೋಡಿದ ಮೇಲೆ ಕುರ್ಚಿ ಕೊಟ್ಟರು. ಇದೊಂದು ಮಾತು ಮಾತ್ರ ಜೋರಾಗಿ ಹೇಳುತ್ತೇನೆ: ಬರಿಗೈಲಿ ಹೋಗಿ "ಏನಾದ್ರೂ ಇದೆಯಾ ನೋಡಿ" ಅನ್ನಬೇಡಿ, ನಂಬರ್ ಹಿಡಿದುಕೊಂಡು ಹೋಗಿ.

ಇಷ್ಟೆಲ್ಲ ಆಗಿ ಮುಂದಿನ ಗೋಡೆ ಅತ್ತೆಯೇ. ಅಂದ್ರೆ ಅತ್ತೆಯ ಹೆಸರು. ತವರಿನಲ್ಲಿ ಇಟ್ಟ ಹೆಸರು ಒಂದು, ಮದುವೆಯಾದ ಮೇಲೆ ಗಂಡನ ಮನೆಯವರು ಕರೆದದ್ದು ಇನ್ನೊಂದು. ಆಧಾರ್‌ನಲ್ಲಿ ಎರಡನೆಯದು, ಮಾವ ನಾಮಿನಿ ಅಂತ ಬರೆಸಿದ್ದು ಮೊದಲನೆಯದು. ಪಾಪ, ಹೆಂಡತಿಯ ತವರಿನ ಹೆಸರು ನೆನಪಿಟ್ಟು ಬರೆಸಿದ್ದಾರೆ. ಅದೇ ತೊಡಕಾಯಿತು. ಇಬ್ಬರೂ ಒಬ್ಬರೇ ಅಂತ ಸ್ಟಾಂಪ್ ಪೇಪರಿನ ಮೇಲೆ ಟೈಪ್ ಮಾಡಿಸಿ ನೋಟರಿ ಮುಂದೆ ಸಹಿ ಹಾಕಬೇಕು. ಚಿಕ್ಕಮಗಳೂರು ಕೋರ್ಟಿನ ಹತ್ತಿರ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅತ್ತೆ ಕೇಳಿದರು, "ನಾನು ನಾನೇ ಅಂತ ಹೇಳೋಕೂ ದುಡ್ಡು ಕೊಡಬೇಕಾ?"

ನಾಮಿನಿ ಇದ್ದದ್ದು ಎಫ್‌ಡಿಗೆ ಮಾತ್ರ. ಅದರ ಜೊತೆಯ ಎಸ್.ಬಿ.ಗೆ ಇರಲಿಲ್ಲ. ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷ, ಮರಣ ಪ್ರಮಾಣಪತ್ರ, ಶಿವಮೊಗ್ಗದಲ್ಲಿರುವ ಅತ್ತೆ ಮಗಳ ಒಪ್ಪಿಗೆ ಪತ್ರ, ಇಬ್ಬರು ಸಾಕ್ಷಿ. ಸಾಕ್ಷಿಗೆ ನಾನೊಬ್ಬ, ಇನ್ನೊಬ್ಬರು ಅತ್ತೆ ಮನೆ ಪಕ್ಕದ ಗಿರಣಿಯವರು. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ನಾಮಿನಿ ಇದ್ದದ್ದು ಹದಿನೆಂಟು ದಿನಕ್ಕೆ ಬಂತು, ಇಲ್ಲದ್ದು ನಾಲ್ಕು ತಿಂಗಳು. ಈಗ ಆರ್‌ಬಿಐ 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ಹೊರಡಿಸಿದೆ, ಕಾಗದ ಎಲ್ಲ ಸರಿ ಇದ್ದರೆ ತೀರಿಹೋದವರ ಖಾತೆಯನ್ನು 15 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ, ಇದನ್ನು ಜಾರಿಗೆ ತರೋಕೆ ಬ್ಯಾಂಕುಗಳಿಗೆ 2026ರ ಮಾರ್ಚ್ ಕೊನೆವರೆಗೆ ಗಡುವು ಕೊಟ್ಟಿತ್ತು. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಎಫ್‌ಡಿಯದ್ದು ಬಡ್ಡಿ ಸೇರಿ 30,000ದ ಆಸುಪಾಸು ಬಂತು.

ಎಲ್‌ಐಸಿಯದ್ದು ಚಿಕ್ಕ ಕಥೆ. ವೆಬ್‌ಸೈಟಿನಲ್ಲಿ ಕೇಳುವವರಿಲ್ಲದ ಹಣ ಹುಡುಕೋಕೆ ಒಂದು ಜಾಗ ಇದೆ, ಅಲ್ಲಿ ಏನೂ ಸಿಗಲಿಲ್ಲ. ಕಚೇರಿಗೆ ಹೋಗಿ ಪಾಲಿಸಿ ನಂಬರ್ ಕೊಟ್ಟೆ. 2003ರಲ್ಲೇ ಸರೆಂಡರ್ ಮಾಡಿ ಹಣ ತೆಗೆದುಕೊಂಡಿದ್ದಾರೆ ಅಂದರು. ಡೈರಿಯಲ್ಲಿ "ಬಂತು" ಯಾಕಿಲ್ಲ ಅಂತ ಆ ವಾರದ ಪುಟ ತೆಗೆದೆ. ಆ ಹದಿನೈದು ದಿನ ಮಳೆಯೂ ಬರೆದಿಲ್ಲ, ಆಳೂ ಬರೆದಿಲ್ಲ. ಮಗಳ ಮದುವೆ.

"ಇಂ.ವಿ.ಪ." ಅಂದ್ರೆ ಇಂದಿರಾ ವಿಕಾಸ್ ಪತ್ರ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. 1986ರಲ್ಲಿ ಪೋಸ್ಟಾಫೀಸಿನಲ್ಲಿ ಶುರುವಾಗಿ 1999ರಲ್ಲಿ ನಿಂತುಹೋಯಿತು. ಅದರ ಮೇಲೆ ಕೊಂಡವರ ಹೆಸರೇ ಇರುತ್ತಿರಲಿಲ್ಲ, ನೋಟಿನ ಹಾಗೆ, ಯಾರ ಕೈಲಿದೆಯೋ ಅವರದ್ದು. ಆಗ ಅದನ್ನೇ ದೊಡ್ಡ ಅನುಕೂಲ ಅಂತಿದ್ದರು. ಮಾವ ಐದು ಕೊಂಡಿದ್ದಾರೆ, ಕಾಗದ ಮನೆಯಲ್ಲಿ ಎಲ್ಲೂ ಇಲ್ಲ. ಕಳೆದರೆ ನಕಲು ಕೊಡಲ್ಲ, ಹೆಸರೇ ಇಲ್ಲದ ಮೇಲೆ ಯಾರಿಗೆ ಅಂತ ಕೊಡುತ್ತಾರೆ? ಅಂಚೆ ಕಚೇರಿಯಲ್ಲಿ ಕೇಳಿ ಸುಮ್ನಾದೆ. ಅತ್ತೆ ಮಾತ್ರ ಈಗಲೂ ದೇವರ ಫೋಟೋಗಳ ಹಿಂದೆ ನೋಡುತ್ತಿರುತ್ತಾರೆ.

"ತೇಗ 6000" ನೆನೆಸಿಕೊಂಡರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. 90ರ ದಶಕದಲ್ಲಿ ತೇಗದ ಗಿಡದ ಸ್ಕೀಮುಗಳು ಬಂದಿದ್ದವಲ್ಲ, ನೀವು ಹಣ ಕೊಡಿ, ನಿಮ್ಮ ಹೆಸರಿನಲ್ಲಿ ಎಲ್ಲೋ ಗಿಡ ನೆಡುತ್ತೇವೆ, ಇಪ್ಪತ್ತು ವರ್ಷಕ್ಕೆ ಲಕ್ಷಾಧಿಪತಿ ಅಂತ. 1999ರಲ್ಲಿ ಷೇರು ಪೇಟೆಯ ಮೇಲೆ ಕಣ್ಣಿಡುವ ಸೆಬಿ ಇಂಥವಕ್ಕೆ ನಿಯಮ ತಂದ ಹೊತ್ತಿಗೆ ಎಷ್ಟೋ ಕಂಪನಿ ಬಾಗಿಲು ಹಾಕಿ ಓಡಿಹೋಗಿದ್ದವು. ದಿನಾ ಬೆಳಗಾದರೆ ಸಿಲ್ವರ್ ಓಕ್ ಎಣಿಸುತ್ತಿದ್ದ, ನೆರಳಿನ ಮರದ ಒಂದು ಕೊಂಬೆ ಯಾರು ಕಡಿದರು ಅಂತ ಪತ್ತೆ ಮಾಡುತ್ತಿದ್ದ ರೈಟ್ರು, ಒಂದು ಸಲವೂ ಕಣ್ಣಲ್ಲಿ ನೋಡದ ತೇಗಕ್ಕೆ 6,000 ಕೊಟ್ಟಿದ್ದಾರೆ! ಇದನ್ನು ಹುಡುಕೋಕೆ ನಾನು ಒಂದು ದಿನವೂ ಹಾಳು ಮಾಡಲಿಲ್ಲ. ಮರೆತ ಹಣ ಬೇರೆ, ಮುಳುಗಿದ ಹಣ ಬೇರೆ.

ಇನ್ನು ಷೇರು. ಇದರ ಹಿಂದೆಯೂ ಕಾಫಿಯೇ ಇದೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋಯಿತು, ಇಲ್ಲಿ ಬೆಲೆ ಮೇಲಕ್ಕೆ ಹೋಯಿತು. ಅದೇ ಹೊತ್ತಿಗೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕು ಅನ್ನುವ ಪೂಲ್ ಪದ್ಧತಿ ಸಡಿಲವಾಗುತ್ತಿತ್ತು, 1996ರ ಹೊತ್ತಿಗೆ ಬೆಳೆಗಾರರು ಪೂರ್ತಿ ತಾವೇ ಮಾರುವ ಹಾಗಾಯಿತು. ಕೈಯಲ್ಲಿ ದುಡ್ಡು ಓಡಾಡಿದ ಕಾಲ. ಷೇರು ಪೇಟೆಗೂ ಅದೇ ಕಾಲಕ್ಕೆ ಹೊಸ ಹೊಸ ಕಂಪನಿಗಳು ಬರುತ್ತಿದ್ದವು. ಧಣಿಗಳು ಅರ್ಜಿ ಹಾಕಿದರು, ಧಣಿಗಳ ಅರ್ಜಿ ತುಂಬಿದ ರೈಟ್ರೂ ತಮ್ಮದೊಂದು ಹಾಕಿದರು. ಎರಡು ಕಂಪನಿ, ನೂರು ನೂರು ಷೇರು, ಹತ್ತು ರೂಪಾಯಿಯದ್ದು.

ಒಂದು ಕಂಪನಿಯ ಸುಳಿವೇ ಇಲ್ಲ. ಇನ್ನೊಂದು ಇದೆ, ಹೆಸರು ಬದಲಾಗಿದೆ, ಚೆನ್ನಾಗಿಯೂ ನಡೆಯುತ್ತಿದೆ. ಮಾವ ಎಸ್ಟೇಟ್ ಬಿಟ್ಟಾಗಲೆಲ್ಲ ವಿಳಾಸ ಬದಲಾಯಿತು, ಕಂಪನಿಗೆ ತಿಳಿಸಲಿಲ್ಲ, ಡಿವಿಡೆಂಡಿನ (ಲಾಭದ ಪಾಲಿನ) ಕಾಗದ ಹಳೇ ಎಸ್ಟೇಟಿನ ತಪಾಲು ಚೀಲಕ್ಕೆ ಹೋಗಿ ವಾಪಸಾಗಿರಬೇಕು. ಏಳು ವರ್ಷ ಡಿವಿಡೆಂಡ್ ಯಾರೂ ತೆಗೆದುಕೊಳ್ಳದಿದ್ದರೆ ಆ ಹಣ ಐಇಪಿಎಫ್ ಅನ್ನುವ ಕೇಂದ್ರ ಸರ್ಕಾರದ ನಿಧಿಗೆ ಹೋಗುತ್ತದೆ. ಸತತ ಏಳು ವರ್ಷ ಹೀಗಾದರೆ ಷೇರೂ ಹೋಗುತ್ತದೆ. ಐಇಪಿಎಫ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಇಲ್ಲಿ ಸಿಕ್ಕಿದ್ದು ನಾಲ್ಕನೇ ತರಹದ ಹೆಸರಿನಲ್ಲಿ, ನಾನು ಹುಷಾರಾಗಿಬಿಟ್ಟಿದ್ದೆ. ನೂರು ಷೇರು ಬೋನಸ್ಸು ಗೀನಸ್ಸು ಸೇರಿ ನಾಲ್ಕು ನೂರಾಗಿತ್ತು. ಇವತ್ತಿನ ಬೆಲೆಗೆ ಮಿಕ್ಕಿದ್ದೆಲ್ಲ ಒಂದು ತೂಕ, ಇದೇ ಒಂದು ತೂಕ.

ಈ ವಿಷಯ ಅಂಗಡಿಗೆ ಬರುವ ಒಬ್ಬರ ಹತ್ತಿರ ಬಾಯಿಬಿಟ್ಟೆ. ವಾರದೊಳಗೆ ಒಬ್ಬರು ಫೋನ್ ಮಾಡಿ, ಎಲ್ಲ ನಾವೇ ಮಾಡಿಸಿಕೊಡುತ್ತೇವೆ, ಬಂದದ್ದರಲ್ಲಿ ಕಾಲು ಭಾಗ ಕೊಡಿ ಅಂದರು. ಐಇಪಿಎಫ್ ಅರ್ಜಿಗೆ ಸರ್ಕಾರ ಒಂದು ರೂಪಾಯಿಯೂ ತೆಗೆದುಕೊಳ್ಳಲ್ಲ. ಕೆಲಸ ಕಷ್ಟ ಹೌದು, ಕಾಲು ಭಾಗ ಕೊಡುವಷ್ಟು ಕಷ್ಟ ಅಲ್ಲ. ಇನ್ನು ಹಣ ಬಿಡಿಸಿಕೊಡೋಕೆ ಮುಂಚೆ ಫೀಸು ಕಳಿಸಿ, ಓಟಿಪಿ ಹೇಳಿ ಅನ್ನುವವರೂ ಇದ್ದಾರೆ, ಅವರಿಗೆ ಫೋನ್ ಇಡೋದೇ ಉತ್ತರ.

ಕಷ್ಟ ಏನು ಅಂದ್ರೆ, ಮೊದಲು ಅತ್ತೆಗೆ ಪ್ಯಾನ್ ಮಾಡಿಸಬೇಕಾಯಿತು. ಎಪ್ಪತ್ತಾರು ವರ್ಷಕ್ಕೆ ಮೊದಲ ಪ್ಯಾನ್. ಆಮೇಲೆ ಡಿಮ್ಯಾಟ್ ಖಾತೆ, ಯಾಕೆಂದರೆ ಷೇರು ವಾಪಸ್ ಬರೋದು ಅಲ್ಲಿಗೇ. ಮೊಬೈಲ್ ಮುಂದೆ ಕೂರಿಸಿ ವಿಡಿಯೋ ತೆಗೆಯುವಾಗ ಕಣ್ಣು ಮಿಟುಕಿಸಿ ಅಂತ ಸ್ಕ್ರೀನ್ ಹೇಳುತ್ತದೆ. ಅತ್ತೆ "ಯಾರಿಗೋ?" ಅಂದರು. ಮೂರು ಸಲ ಫೇಲ್ ಆಯಿತು, ನಗು ತಡೆಯಲಾರದೆ. ಆಮೇಲೆ ಕಂಪನಿಯ ಷೇರು ಲೆಕ್ಕ ನೋಡಿಕೊಳ್ಳುವ ಸಂಸ್ಥೆಗೆ ಮರಣ ಪತ್ರ, ವಂಶವೃಕ್ಷ, ಮಗಳ ಒಪ್ಪಿಗೆ, ಬ್ಯಾಂಕಿನವರು ದೃಢೀಕರಿಸಿದ ಅತ್ತೆಯ ಸಹಿ, ಮುಂದೆ ತಕರಾರು ಬಂದರೆ ನಾವೇ ಹೊಣೆ ಅನ್ನುವ ಇಂಡೆಮ್ನಿಟಿ ಬಾಂಡ್. ಅವರು ನೋಡಿ, ಈ ಷೇರು ಇವರಿಗೇ ಸೇರಬೇಕು ಅನ್ನುವ ಎಂಟೈಟಲ್‌ಮೆಂಟ್ ಲೆಟರ್ ಕೊಟ್ಟರು. ಅದನ್ನು ಇಟ್ಟುಕೊಂಡು ಐಇಪಿಎಫ್-5 ಅನ್ನುವ ಫಾರಂ ಆನ್‌ಲೈನಿನಲ್ಲಿ ತುಂಬಿ, ಪ್ರಿಂಟ್ ತೆಗೆದು, ಕಾಗದಗಳ ಜೊತೆ ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಬೇಕು. ಕಂಪನಿ ಪರಿಶೀಲಿಸಿ ವರದಿ ಕೊಟ್ಟ ಮೇಲೆ ದಿಲ್ಲಿಯಲ್ಲಿ ತೀರ್ಮಾನ. ಒಂದು ಸಲ ಇನಿಷಿಯಲ್ ಹೊಂದಿಲ್ಲ ಅಂತ ವಾಪಸ್ ಬಂತು. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಊರೆಲ್ಲ ಬಂದೋಬಸ್ತು, ನಮ್ಮ ರಸ್ತೆಗೆ ಗಿರಾಕಿ ಬರೋ ಹಾಗಿರಲಿಲ್ಲ, ಷಟರ್ ಅರ್ಧ ಎಳೆದುಕೊಂಡು ಕೂತು ಇನ್ನೊಮ್ಮೆ ತುಂಬಿ ಕಳಿಸಿದೆ. ಈಗ ಕಾಯುತ್ತಿದ್ದೇವೆ.

ಅದೇ ಹೊತ್ತಿಗೆ, 2025ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ "ನಿಮ್ಮ ಹಣ, ನಿಮ್ಮ ಹಕ್ಕು" ಅಂತ ಅಭಿಯಾನ ಶುರು ಮಾಡಿತು, ಜಿಲ್ಲೆಗಳಲ್ಲಿ ಶಿಬಿರ ನಡೆದವು. ಮ್ಯೂಚುವಲ್ ಫಂಡ್ ಹುಡುಕೋಕೆ ಮಿತ್ರಾ ಅಂತ ಒಂದು ಜಾಗ ಇದೆ, 2025ರಲ್ಲಿ ಸೆಬಿ ತಂದದ್ದು. ಇನ್ಶೂರೆನ್ಸಿಗೆ ಬಿಮಾ ಭರೋಸಾ. ಮಾವನಿಗೆ ಮ್ಯೂಚುವಲ್ ಫಂಡ್ ಇರಲಿಲ್ಲ, ಹಾಗಾಗಿ ಆ ದಾರಿಯಲ್ಲಿ ನಾನು ನಡೆದಿಲ್ಲ.

ಇದು ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಪೋಸ್ಟ್ ಬರೆಯೋಕೆ ಅಂತ ಹೋದ ವಾರ ಲಾಂಗ್ ಬುಕ್ ತೆಗೆದು, ಡೈರಿ ಇನ್ನೊಂದು ಸಲ ತಿರುವಿದೆ. 1997ರ ಜೂನ್. "2-60. ಆಳು 51. ಬಾಮೈದ 1800, ಹುಡುಗನ ಡಿಪ್ಲೊಮಾ." ಬಾಮೈದ ಅಂದ್ರೆ ನನ್ನಪ್ಪ. ಹುಡುಗ ನಾನು. ಮೊದಲ ಸಲ ಓದುವಾಗ ಬ್ಯಾಂಕು, ಎಲ್‌ಐಸಿ ಅಂತ ಹುಡುಕುತ್ತಿದ್ದವನಿಗೆ ಇದು ಕಣ್ಣಿಗೇ ಬಿದ್ದಿರಲಿಲ್ಲ. ಪಕ್ಕದಲ್ಲಿ ಕೆಂಪು ಇಂಕು ಹುಡುಕಿದೆ. 98ರಲ್ಲಿ ನೋಡಿದೆ, 99ರಲ್ಲಿ ನೋಡಿದೆ. "ಬಂತು" ಎಲ್ಲೂ ಇಲ್ಲ. ಅಪ್ಪ ಹೋಗಿ ಆರು ವರ್ಷ ಆಯಿತು, ಕೇಳೋಣ ಅಂದ್ರೆ ಯಾರನ್ನು ಕೇಳಲಿ.

ಭಾನುವಾರ ಬೇಲೂರು ಮೇಲೆ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋದೆ. ಡೈರಿ ತೆಗೆದು ಅತ್ತೆ ಮುಂದೆ ಇಟ್ಟೆ, ಜೊತೆಗೆ ಒಂದು ಕವರ್. ಅತ್ತೆ ಕನ್ನಡಕ ಹಾಕಿಕೊಂಡು ಆ ಸಾಲನ್ನು ಮೆಲ್ಲಗೆ ಓದಿದರು, ಆಳಿನ ಲೆಕ್ಕವನ್ನೂ ಬಿಡಲಿಲ್ಲ. ಕವರ್ ಮುಟ್ಟಲಿಲ್ಲ.

"ಇದಕ್ಕೆ ಯಾವ ಫಾರಂ ತುಂಬಬೇಕೋ?" ಅಂದರು.